ಆಫೀಸಿನ ಫೋನು: ಗುಂಡಿಯ ಕಥೆ, ಸ್ಪೀಕರಿನ ವ್ಯಥೆ

ಈಗಿನ ಮಕ್ಕಳ ಮುಂದೆ ಮೇಜಿನ ಫೋನು ಇಟ್ಟು "ನಂಬರ್ ಹಚ್ಚು" ಎಂದರೆ ಮೊದಲು ಹಸಿರು ಗುಂಡಿ ಹುಡುಕುತ್ತಾರೆ! ರಿಸೀವರ್ ಎತ್ತಬೇಕು, 'ಗುಂಯ್' ಸದ್ದು ಕೇಳಬೇಕು, ಆಮೇಲೆ ಅಂಕಿ ಒತ್ತಬೇಕು ಎಂದು ನಾವೇ ಹೇಳಿಕೊಡಬೇಕಾಯಿತು. ಹೇಳಿಕೊಡುವಾಗ ಹಳೆಯದೆಲ್ಲ ನೆನಪಾಯಿತು, ಅದಕ್ಕೇ ಈ ಬರಹ.

ನಮ್ಮ ಹಿರಿಯರಿಗೆ ಗುಂಡಿಯೂ ಇರಲಿಲ್ಲ. ಗಡಹಿಂಗ್ಲಜದಿಂದ ಬೆಳಗಾವಿಗೆ ಮಾತಾಡಬೇಕೆಂದರೆ ಟ್ರಂಕ್ ಕಾಲ್ ಬುಕ್ ಮಾಡಿ ಕಾಯಬೇಕು. ಆರ್ಡಿನರಿ, ಅರ್ಜೆಂಟ್, ಲೈಟ್ನಿಂಗ್ ಎಂದು ದರ ಬೇರೆ ಬೇರೆ. ನೇರವಾಗಿ ಪರಊರಿಗೆ ಡಯಲ್ ಮಾಡುವ ಎಸ್.ಟಿ.ಡಿ. ನಮ್ಮ ದೇಶದಲ್ಲಿ ಮೊದಲು ಬಂದದ್ದು 1960ರಲ್ಲಿ, ಲಖನೌ–ಕಾನಪುರ ನಡುವೆ. ನಮ್ಮ ಕಡೆಗೆ ಬರಲು ಬಹಳ ವರ್ಷ ಹಿಡಿಯಿತು. ಬಂದ ಮೇಲೆ ಗಡಿ ಎನ್ನುವುದು ಅಂಕಿಯಲ್ಲೂ ಕೂತಿತು ನೋಡಿ. ಕೊಲ್ಲಾಪುರ 0231, ಇಚಲಕರಂಜಿ 0230, ಗಡಹಿಂಗ್ಲಜ 02327. ಆಚೆಯ ನಿಪ್ಪಾಣಿ ಮಾತ್ರ 08338!

ತಿರುಗಿಸುವ ಡಯಲಿನಲ್ಲಿ ಎರಡಕ್ಕೆ ಎರಡು ಮಿಡಿತ, ಎಂಟಕ್ಕೆ ಎಂಟು, ಸೊನ್ನೆಗೆ ಹತ್ತು. ಈಗಿನ ಕೋಡುಗಳನ್ನೇ ಅದರಲ್ಲಿ ತಿರುಗಿಸಿದರೆ ಗಡಹಿಂಗ್ಲಜಕ್ಕೆ 24 ಮಿಡಿತ, ನಿಪ್ಪಾಣಿಗೆ 32. ಡಯಲಿನ ತೂತಿಗೆ ಸಣ್ಣ ಬೀಗ ಹಾಕುವ ಸಾಹುಕಾರರೂ ಇದ್ದರು. ಜಾಣ ಹುಡುಗರು ರಿಸೀವರ್ ಇಡುವ ಕೊಕ್ಕೆಯನ್ನೇ ಟಕಟಕ ಬಡಿದು ನಂಬರ್ ಹಚ್ಚುತ್ತಿದ್ದರು. ಎಕ್ಸ್‌ಚೇಂಜಿಗೆ ಬೇಕಾದದ್ದು ಮಿಡಿತ ಅಷ್ಟೇ, ಅದು ಡಯಲಿನಿಂದ ಬಂತೋ ಕೊಕ್ಕೆಯಿಂದ ಬಂತೋ ಅದಕ್ಕೇನು!

ಒತ್ತುವ ಗುಂಡಿಯ ಟೋನ್ ಫೋನನ್ನು ಅಮೆರಿಕದ ಬೆಲ್ ಕಂಪನಿ 1963ರಲ್ಲಿ ಗ್ರಾಹಕರಿಗೆ ಕೊಟ್ಟಿತು. ಗುಂಡಿಗಳನ್ನು ಹೇಗೆ ಜೋಡಿಸಿದರೆ ಜನ ತಪ್ಪಿಲ್ಲದೆ ಒತ್ತುತ್ತಾರೆ ಎಂದು ಬೆಲ್ ಪ್ರಯೋಗಾಲಯದ ಜಾನ್ ಕಾರ್ಲಿನ್ ಅವರ ತಂಡ ಪರೀಕ್ಷೆ ಮಾಡಿತ್ತು. ಹಾಗಾಗಿ ಫೋನಿನಲ್ಲಿ 1 ಮೇಲಿದೆ. ಕ್ಯಾಲ್ಕುಲೇಟರಿನಲ್ಲಿ ಮೇಲಿರುವುದು 7! ಕೊಲ್ಲಾಪುರದ ಬೆಲ್ಲದ ಪೇಟೆಯಲ್ಲಿ ಎರಡನ್ನೂ ಪಕ್ಕಪಕ್ಕ ಇಟ್ಟುಕೊಂಡು ಕೂತ ಗುಮಾಸ್ತರ ಬೆರಳುಗಳನ್ನು ಮೆಚ್ಚಬೇಕು. ಒಂದೊಂದು ಗುಂಡಿಯೂ ಎರಡು ಸ್ವರಗಳನ್ನು ಒಟ್ಟಿಗೆ ಕಳಿಸುತ್ತದೆ. 5 ಒತ್ತಿದರೆ 770 ಮತ್ತು 1336 ಹರ್ಟ್ಸ್. ನಕ್ಷತ್ರ ಮತ್ತು # ಬಂದದ್ದು 1968ರಲ್ಲಿ.

ಆದರೆ ಫೋನು ಹೊಸದಾದರೆ ಸಾಕೇ? ಹಳೆಯ ಎಕ್ಸ್‌ಚೇಂಜಿಗೆ ಸ್ವರ ತಿಳಿಯುತ್ತಿರಲಿಲ್ಲ. ಅದಕ್ಕೇ ಎಷ್ಟೋ ಫೋನುಗಳಿಗೆ ಟೋನ್–ಪಲ್ಸ್ ಬದಲಿಸುವ ಪುಟ್ಟ ಸ್ವಿಚ್ ಇರುತ್ತಿತ್ತು. ಇಲ್ಲೊಂದು ಹೆಮ್ಮೆಯ ಮಾತು. 1984ರಲ್ಲಿ ಶುರುವಾದ ಸಿ-ಡಾಟ್ ಸಂಸ್ಥೆಯ ಮೊದಲ ಗ್ರಾಮೀಣ ಎಲೆಕ್ಟ್ರಾನಿಕ್ ಎಕ್ಸ್‌ಚೇಂಜ್ 1986ರಲ್ಲಿ ನಡೆಯತೊಡಗಿದ್ದು ನಮ್ಮ ನೆರೆಯ ಬೆಳಗಾವಿ ಜಿಲ್ಲೆಯ ಕಿತ್ತೂರಿನಲ್ಲಿ! ಎ.ಸಿ. ಇಲ್ಲದೆ, ಬಿಸಿಲು ಧೂಳಿನಲ್ಲೂ ನಡೆಯುವಂತೆ ಮಾಡಿದ ಯಂತ್ರ ಅದು.

ಉಳಿದ ಗುಂಡಿಗಳಲ್ಲಿ ರೀಡಯಲ್ ಗೊತ್ತೇ ಇದೆ. ಫ್ಲ್ಯಾಶ್ ಎಂದರೆ ಲೈನನ್ನು ಒಂದು ಕ್ಷಣ ಕಡಿಯುವುದು, ಅಂದರೆ ಆ ಹಳೆಯ ಕೊಕ್ಕೆ ಬಡಿಯುವ ಕೆಲಸವೇ. ಕರೆಯನ್ನು ಇನ್ನೊಂದು ಮೇಜಿಗೆ ದಾಟಿಸಲು ಬೇಕು.

ಇನ್ನು ಸ್ಪೀಕರ್. ಬೆಲ್ ಕಂಪನಿಯವರು 1950ರ ದಶಕದಲ್ಲೇ ತಂದಿದ್ದರು. ಸಾದಾ ಸ್ಪೀಕರ್ ಫೋನಿನಲ್ಲಿ ಒಂದು ಸಲಕ್ಕೆ ಒಂದೇ ಕಡೆಯ ಮಾತು ಸಾಗುತ್ತದೆ. ಇಬ್ಬರೂ ಒಟ್ಟಿಗೆ ಮಾತಾಡಿದರೆ ತುಂಡುತುಂಡು. ಬರೆದುಕೊಳ್ಳಲು ಕೈ ಖಾಲಿ ಇರುತ್ತದೆಂದು ನಾವು ಸದಾ ಅದನ್ನೇ ಒತ್ತುತ್ತಿದ್ದೆವು.

ಒಂದು ಮಧ್ಯಾಹ್ನ ಇಚಲಕರಂಜಿಯಿಂದ ಪಾಲಕರೊಬ್ಬರ ಫೋನು ಬಂತು. ವಿದ್ಯುತ್ ಮಗ್ಗದ ಕೆಲಸಗಾರರು. ಅಭ್ಯಾಸಬಲದಿಂದ ಸ್ಪೀಕರ್ ಒತ್ತಿದೆವು. "ಗುರುಗಳ, ಎರಡು ತಿಂಗಳಾತು ಮಗ್ಗ ಬಂದ್ ಅದಾವ್ರೀ. ಹುಡುಗನ್ನ ಸಾಲಿ ಬಿಡಿಸಿ ಕೆಲಸಕ್ಕ ಹಚ್ಚಬೇಕಂತ ಮಾಡೀನ್ರಿ..." ಆಫೀಸು ತುಂಬ ಕೇಳಿತು. ಹಾಜರಿ ಪುಸ್ತಕ ಹಿಡಿದು ಬಾಗಿಲಲ್ಲಿ ನಿಂತಿದ್ದವನು ಅದೇ ಹುಡುಗ. ಅವಸರದಲ್ಲಿ ನಾವು ಒತ್ತಿದ್ದು ಮ್ಯೂಟ್! ನಮ್ಮ ದನಿ ಅತ್ತ ಹೋಗಲಿಲ್ಲ, ಅವರ ದನಿ ನಿಲ್ಲಲಿಲ್ಲ. "ಹಲೋ, ಗುರುಗಳ, ಕೇಳಸ್ತದೇನ್ರೀ" ಎಂದು ಅವರು ಮತ್ತೆ ಮೊದಲಿನಿಂದ ಹೇಳಿದರು. ರಿಸೀವರ್ ಎತ್ತಿದ್ದರೆ ಸ್ಪೀಕರ್ ತಾನಾಗಿಯೇ ನಿಲ್ಲುತ್ತಿತ್ತು. ಅದು ಆಗ ಹೊಳೆಯಲಿಲ್ಲ.

ಹುಡುಗ ಶಾಲೆ ಬಿಡಲಿಲ್ಲ. ಆದರೆ ಆ ವರ್ಷವಿಡೀ ಹಾಜರಿ ಪುಸ್ತಕವನ್ನು ಬೇರೆಯವರ ಕೈಯಲ್ಲಿ ಕಳಿಸುತ್ತಿದ್ದ.