ಮೊರಸುನಾಡಿನ ತಾಯಂದಿರು ಕೊಟ್ಟ ಬೆರಳು

ಇಂದಿನ ಚಿಂತಾಮಣಿ, ಶಿಡ್ಲಘಟ್ಟ, ಚಿಕ್ಕಬಳ್ಳಾಪುರಗಳನ್ನೂ ಕೋಲಾರದ ಸೀಮೆಯನ್ನೂ ಒಳಗೊಂಡ ಪ್ರದೇಶಕ್ಕೆ ಹಿಂದೆ ಮೊರಸುನಾಡು ಎಂಬ ಹೆಸರಿದ್ದು, ಅಲ್ಲಿನ ಮೊರಸು ಒಕ್ಕಲಿಗರ ಒಂದು ಶಾಖೆಯಲ್ಲಿ ‘ಬೆರಳು ಕೊಡುವ’ ಪದ್ಧತಿ, ಅಂದರೆ ಹಿರಿಯ ಮಗಳ ಕಿವಿ ಚುಚ್ಚಿಸುವ ಮೊದಲು ತಾಯಿಯು ತನ್ನ ಉಂಗುರದ ಬೆರಳು ಮತ್ತು ಕಿರುಬೆರಳುಗಳ ತುದಿಗೆಣ್ಣನ್ನು ದೇವರಿಗೆ ಒಪ್ಪಿಸುವ ಹರಕೆ, 19ನೇ ಶತಮಾನದವರೆಗೂ ನಡೆದುಬಂದಿತ್ತು. ಬೆರಳನ್ನು ದಿಮ್ಮಿಯ ಮೇಲಿಡಿಸಿ, ಊರಿನ ಕಮ್ಮಾರನು ಗೆಣ್ಣಿನ ಮೇಲೆ ಉಳಿಯಿಟ್ಟು ಒಂದೇ ಏಟಿಗೆ ಕತ್ತರಿಸುತ್ತಿದ್ದನೆಂದು ಇತಿಹಾಸಕಾರ ಮಾರ್ಕ್ ವಿಲ್ಕ್ಸ್ ಬರೆದಿದ್ದಾನೆ.

ಈ ಪದ್ಧತಿಗೆ ಆಧಾರವಾದ ಕಥೆ ಕೋಲಾರದ ಸೀಮೆಯ ಸೀತಿಬೆಟ್ಟದ್ದು. ತಾನು ಯಾರ ತಲೆ ಮುಟ್ಟಿದರೂ ಅವರನ್ನು ಸುಡುವ ವರವನ್ನು ಶಿವನಿಂದ ಪಡೆದು, ಅವನ ಮೇಲೆಯೇ ಅದನ್ನು ಪರೀಕ್ಷಿಸಲು ಬೆನ್ನಟ್ಟಿದ ವೃಕಾಸುರನಿಗೆ, ಅಡಗಿದ್ದ ಶಿವನ ಜಾಡನ್ನು ಒಬ್ಬ ರೈತ ಕಿರುಬೆರಳಿನಿಂದ ತೋರಿಸಿದ. ಶಿವನು ಆ ಬೆರಳನ್ನೇ ಕೇಳಿದಾಗ, ಬೇಸಾಯ ನಿಂತೀತೆಂದು ಅಂಜಿದ ರೈತನ ಹೆಂಡತಿ ಅದರ ಬದಲು ತನ್ನ ಎರಡು ಬೆರಳು ಕೊಟ್ಟಳು. ಸಂಸಾರ ಉಳಿಸಿದ ಆಕೆಯ ಜಾಣ್ಮೆಗೂ ಧೈರ್ಯಕ್ಕೂ ಓದುಗರು ತಲೆಬಾಗುತ್ತಾರೆ; ಆದರೆ ಗಂಡಿನ ತಪ್ಪಿನ ದಂಡವನ್ನು ತಲೆತಲಾಂತರಕ್ಕೂ ಹೆಣ್ಣುಮಕ್ಕಳ ಮೇಲೆ ಹೊರಿಸಿದ, ಕಳೆ ಕೀಳುವ, ರಾಗಿ ಬೀಸುವ ಅವರ ಕೈಗೂ ಬೆರಳು ಬೇಕೆಂಬುದನ್ನು ಲೆಕ್ಕಕ್ಕಿಡದ ಈ ಕಥೆಯನ್ನು ಬರಿಯ ತ್ಯಾಗದ ಕಥೆಯೆಂದು ಒಪ್ಪುವುದು ಕಷ್ಟ. ಸರ್ಕಾರ ನಿಷೇಧಿಸಿದ ಮೇಲೆ, ಬೆರಳಿಗೆ ಚಿನ್ನ ಅಥವಾ ಬೆಳ್ಳಿಯ ಕವಚ ತೊಡಿಸಿ ಅದನ್ನೇ ಕಳಚಿ ಒಪ್ಪಿಸುವ ರೂಢಿ ಬಂದಿತು.