ಮುಳ್ಳು, ಧೂಳು ಮತ್ತು ದನಿ



ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆಯ ಕಡೆ ಹಳೆಯ ಮನೆಗಳ ಅಟ್ಟ ಹತ್ತಿ ನೋಡಿ. ಬಟ್ಟೆಯಲ್ಲಿ ಸುತ್ತಿಟ್ಟ ಕಪ್ಪು ತಟ್ಟೆಗಳು ಸಿಕ್ಕಿದರೂ ಸಿಕ್ಕಾವು. ಕೀಲಿ ಕೊಟ್ಟರೆ ಸ್ಪ್ರಿಂಗಿನ ಬಲದಿಂದಲೇ ತಿರುಗುತ್ತಿದ್ದ ಗ್ರಾಮಫೋನಿಗೆ ವಿದ್ಯುತ್ತು ಬೇಕಿರಲಿಲ್ಲ. ವಿದ್ಯುದ್ದೀಪ ಕಾಣದ ಹಳ್ಳಿಯಲ್ಲೂ ಅದು ಹಾಡಬಲ್ಲದಾಗಿತ್ತು.

ಈಗ ರೆಕಾರ್ಡುಗಳಿಗೆ ಮತ್ತೆ ಬೇಡಿಕೆ ಬಂದಿದೆ. ಜೊತೆಗೆ ಬ್ರಷ್ಷು, ಚಾಪೆ, ತೂಕದ ಬಿಲ್ಲೆ, ದುಬಾರಿ ತಂತಿಗಳೂ ಬಂದಿವೆ. ಇವುಗಳಿಂದ ದನಿ ನಿಜವಾಗಿ ಸುಧಾರಿಸುತ್ತದೆಯೇ?

ಪ್ರಶ್ನೆ ಹೊಸದೇನಲ್ಲ. 1902ರ ನವೆಂಬರಿನಲ್ಲಿ ಕಲ್ಕತ್ತೆಯಲ್ಲಿ ಗೌಹರ್ ಜಾನ್ ಅವರ ಗಾಯನವನ್ನು ಮುದ್ರಿಸಿಕೊಳ್ಳಲಾಯಿತು. ಮುಂದೆ 1928ರಲ್ಲಿ ಅವರು ಮೈಸೂರು ಅರಮನೆಯ ಆಶ್ರಯಕ್ಕೆ ಬಂದರು. 1930ರ ಜನವರಿಯಲ್ಲಿ ಮೈಸೂರಿನಲ್ಲೇ ತೀರಿಕೊಂಡರು. ಆ ಕಂಠ ಇಂದು ಉಳಿದಿರುವುದು ಅರಗಿನ ತಟ್ಟೆಗಳ ಗೀರುಗಳಲ್ಲಿ. ಅರಗಿಗೆ ಕಲ್ಲಿನ ಪುಡಿ ಬೆರೆಸುತ್ತಿದ್ದರು. ಅದು ಉಕ್ಕಿನ ಮುಳ್ಳನ್ನು ಸವೆಸಿ ಗೀರಿನ ಆಕಾರಕ್ಕೆ ತರುತ್ತಿತ್ತು. ಆದ್ದರಿಂದ ಪ್ರತಿ ಹಾಡಿಗೂ ಹೊಸ ಮುಳ್ಳು ಹಾಕಬೇಕಿತ್ತು. ಮುಳ್ಳಿನ ಡಬ್ಬಿಯೇ ಗ್ರಾಮಫೋನಿನ ಅತಿ ಹಳೆಯ ಉಪಸಾಧನಗಳಲ್ಲಿ ಒಂದು. ಉಕ್ಕು ತಟ್ಟೆಯನ್ನು ಸವೆಸುತ್ತದೆಂದು ಕೆಲವರು ಬಿದಿರಿನ ಮುಳ್ಳು ಬಳಸಿದರು. ತಟ್ಟೆಗೇನೋ ಹಿತವಾಯಿತು, ದನಿ ಮಾತ್ರ ಮಂಕಾಯಿತು. ಯಾವುದು ಮೇಲೆಂಬ ವಾದ ಅಂದೇ ಇತ್ತು.

1948ರಲ್ಲಿ ಅಮೆರಿಕದ ಕೊಲಂಬಿಯಾ ಕಂಪನಿ ನಿಮಿಷಕ್ಕೆ 33⅓ ಸುತ್ತು ತಿರುಗುವ ವಿನೈಲ್ ತಟ್ಟೆಯನ್ನು ತಂದಿತು. ಇದರ ಗೀರಿನ ಅಗಲ 78ರ ತಟ್ಟೆಯದರ ಸುಮಾರು ಮೂರನೆಯ ಒಂದು ಭಾಗ. ಮುಳ್ಳಿನ ಭಾರವೂ ನೂರು ಗ್ರಾಂ ಆಸುಪಾಸಿನಿಂದ ಕ್ರಮೇಣ ಎರಡು ಮೂರು ಗ್ರಾಂಗೆ ಇಳಿಯಿತು. ಇಷ್ಟು ನವಿರಾದ ಕೆಲಸದಲ್ಲಿ ಸಣ್ಣ ದೋಷವೂ ಕಿವಿಗೆ ಬೀಳುತ್ತದೆ.

ಹಾಗಾದರೆ ಲೆಕ್ಕಕ್ಕೆ ಬರುವುದು ಯಾವುದು? ಗೀರನ್ನು ಸರಿಯಾಗಿ ಓದಲು ನೆರವಾಗುವುದು. ಸವೆಯದ, ತಕ್ಕ ಅಳತೆಯ ಮುಳ್ಳು; ಧೂಳು ತೆಗೆಯುವ ಬ್ರಷ್ಷು; ಸರಿಯಾದ ವೇಗ. ವೇಗ ಶೇಕಡ 6ರಷ್ಟು ಏರಿದರೆ ಶ್ರುತಿ ಅರ್ಧ ಸ್ವರ ಏರುತ್ತದೆ. ಹಳೆಯ ತಟ್ಟೆಗಳೆಲ್ಲ ಖಚಿತವಾಗಿ 78 ಸುತ್ತಿನವಲ್ಲ. ವೇಗ ತಪ್ಪಿದರೆ ಗಾಯಕರ ಶ್ರುತಿಯ ಬಗ್ಗೆ ಚರಿತ್ರೆಯೇ ಸುಳ್ಳು ಹೇಳುತ್ತದೆ.

ವೇಗ ಪರೀಕ್ಷಿಸಲು ಕಾಗದದ ಒಂದು ಬಿಲ್ಲೆ ಸಾಕು. ನಮ್ಮ 50 ಹರ್ಟ್ಸ್ ವಿದ್ಯುತ್ತಿನಲ್ಲಿ ನಿಯಾನ್ ದೀಪ ಸೆಕೆಂಡಿಗೆ 100 ಬಾರಿ, ನಿಮಿಷಕ್ಕೆ 6000 ಬಾರಿ ಮಿನುಗುತ್ತದೆ. 6000ವನ್ನು 33⅓ರಿಂದ ಭಾಗಿಸಿ: 180. ಬಿಲ್ಲೆಯ ಅಂಚಿನಲ್ಲಿ ಸಮ ಅಂತರದ 180 ಗೆರೆ ಎಳೆದು ಆ ಬೆಳಕಿನಲ್ಲಿ ತಿರುಗಿಸಿ. ಗೆರೆಗಳು ನಿಂತಂತೆ ಕಂಡರೆ ವೇಗ ಸರಿ.

ಚಾಪೆ, ತೂಕದ ಬಿಲ್ಲೆಗಳು ಜಾರುವ ಅಥವಾ ಸೊಟ್ಟಗಾದ ತಟ್ಟೆಗೆ ಉಪಯುಕ್ತ. ಉಳಿದಂತೆ ಲಾಭ ಅಲ್ಪ. ತಂತಿ ತಕ್ಕ ಗುಣದ್ದಾಗಿದ್ದರೆ ಸಾಕು. ಬೆಲೆ ಹತ್ತು ಪಟ್ಟಾದರೆ ಹಾಡು ಹತ್ತು ಪಟ್ಟು ಇಂಪಾಗದು. ಅನುಮಾನವಿದ್ದರೆ ಗೆಳೆಯನೊಬ್ಬ ಮರೆಯಲ್ಲಿ ಸಾಧನ ಬದಲಿಸಲಿ, ಸದ್ದಿನ ಮಟ್ಟ ಒಂದೇ ಇರಲಿ. ಯಾವುದೆಂದು ಹತ್ತು ಬಾರಿ ಬರೆಯಿರಿ. ಐದಾರು ಮಾತ್ರ ಸರಿಯಾದರೆ ಅದು ಬರೀ ಊಹೆ. ಬೆಲೆ ತಿಳಿದ ಕಿವಿ ಒಳ್ಳೆಯ ಸಾಕ್ಷಿಯಲ್ಲ.

ಒಂದು ಎಚ್ಚರಿಕೆ. ಹೊಳಪು ಬರಲೆಂದು ಅರಗಿನ ತಟ್ಟೆಗೆ ಸ್ಪಿರಿಟ್ ಒರೆಸಬೇಡಿ. ಅರಗು ಅದರಲ್ಲಿ ಕರಗುತ್ತದೆ. ವಿನೈಲಿನ ಮೇಲೆ ಉಕ್ಕಿನ ಮುಳ್ಳು ಇಡಬೇಡಿ. ಗೀರು ಒಂದೇ ಸಲಕ್ಕೆ ಹಾಳಾದೀತು. ನಮ್ಮ ದೇಶದಲ್ಲಿ 1960ರ ದಶಕದಲ್ಲೂ 78ರ ತಟ್ಟೆಗಳು ತಯಾರಾಗುತ್ತಿದ್ದವು. ಆದ್ದರಿಂದ ಒಂದೇ ಪೆಟ್ಟಿಗೆಯಲ್ಲಿ ಎರಡೂ ಬಗೆಯವು ಇರಬಹುದು. ಪಿ. ಕಾಳಿಂಗರಾಯರ ಭಾವಗೀತೆಯೋ, ಹುಣಸೂರು ಕೃಷ್ಣಮೂರ್ತಿಯವರು 1965ರಲ್ಲಿ ನಿರ್ದೇಶಿಸಿದ ‘ಸತ್ಯ ಹರಿಶ್ಚಂದ್ರ’ದ ಹಾಡೋ ನಿಮ್ಮ ಅಟ್ಟದಲ್ಲಿದ್ದರೆ, ಮೊದಲು ಲೇಬಲ್ ಓದಿ ಬರೆದಿಡಿ, ವೇಗ ನೋಡಿ, ಮೆತ್ತನೆಯ ಒಣ ಬ್ರಷ್ಷಿನಿಂದ ಧೂಳು ತೆಗೆಯಿರಿ, ತಕ್ಕ ಮುಳ್ಳು ಸಿಕ್ಕ ಮೇಲೆ ಒಮ್ಮೆ ನುಡಿಸಿ ಪ್ರತಿ ಮಾಡಿಕೊಳ್ಳಿ. ತಟ್ಟೆಯಲ್ಲಿ ಇಲ್ಲದ ಇಂಪನ್ನು ಯಾವ ಸಾಧನವೂ ತರಲಾರದು. ಇರುವುದನ್ನು ಅಳಿಸಲು ಒಂದು ತಪ್ಪು ಮುಳ್ಳು ಸಾಕು.