ವಾಷಿಂಗ್ಟನ್: ಒಂದು ಅಡ್ಡಹೆಸರು ನಡೆದು ಬಂದ ದಾರಿ

ಅಡ್ಡಹೆಸರು ಕೇಳಿದ ಕೂಡಲೇ ನಮ್ಮ ಮಂದಿ ಊರು, ಮನೆತನ, ಜಾತಿ ಎಲ್ಲಾನೂ ಲೆಕ್ಕ ಹಾಕಿಬಿಡ್ತಾರೆ. ಊರಿನ ಹೆಸರೇ ಮನೆತನದ ಹೆಸರಾಗುವುದು ಅಕ್ಕಲಕೋಟ, ಜತ್ತ ಭಾಗದ ನಮಗೆ ಹೊಸದೇನಲ್ಲ. ಇಂಗ್ಲೆಂಡಿನಲ್ಲೂ ಹಿಂಗೇ ಇದೆ. ಆದರೆ ಹೆಸರೊಂದೇ ಹಿಡಕೊಂಡು ಇವರು ಇಂಥವರ ವಂಶದವರು ಅಂತ ಹೇಳಲಿಕ್ಕೆ ಬರುತ್ತದೆಯೇ? ಬರುವುದಿಲ್ಲ ಎಂಬುದು ನನ್ನ ಅಭಿಪ್ರಾಯ. ಅದಕ್ಕೆ ಸಾಕ್ಷಿಯಾಗಿ ಎಲ್ಲರೂ ಕೇಳಿರುವ ‘ವಾಷಿಂಗ್ಟನ್’ ಎಂಬ ಹೆಸರನ್ನೇ ಎತ್ತಿಕೊಳ್ಳುತ್ತೇನೆ.

ಅಮೆರಿಕದ ರಾಜಧಾನಿಗಿಂತ ಬಹಳ ಹಳೆಯ ವಾಷಿಂಗ್ಟನ್ ಒಂದಿದೆ. ಅದು ಇಂಗ್ಲೆಂಡಿನ ಈಶಾನ್ಯ ಭಾಗದಲ್ಲಿ, ಹಳೆಯ ಡರಹ್ಯಾಮ್ ಸೀಮೆಯಲ್ಲಿದೆ. ಹಳೆಯ ಇಂಗ್ಲಿಷಿನಲ್ಲಿ ‘ಟನ್’ ಅಂದರೆ ಬೇಲಿ ಹಾಕಿದ ಹೊಲಮನೆ, ಆಮೇಲೆ ಹಳ್ಳಿ. ಹ್ವಾಸ ಎಂಬೊಬ್ಬನ ಕಡೆಯವರು ಇದ್ದ ಹಳ್ಳಿ ಇದು ಎಂದು ಊರ ಹೆಸರುಗಳ ಪಂಡಿತರು ಅರ್ಥ ಬಿಡಿಸುತ್ತಾರೆ.

1180ರ ದಶಕದ ಹೊತ್ತಿಗೆ ವಿಲಿಯಂ ಎಂಬ ಜಮೀನುದಾರ ತನ್ನ ಹರ್ಟ್‌ಬರ್ನ್ ಜಮೀನನ್ನು ಡರಹ್ಯಾಮ್ ಬಿಷಪ್ಪರಿಗೆ ಬಿಟ್ಟುಕೊಟ್ಟು, ಬದಲಿಗೆ ಈ ವಾಷಿಂಗ್ಟನ್ ಜಮೀನು ಪಡೆದ. ಅಲ್ಲಿಯವರೆಗೆ ‘ಹರ್ಟ್‌ಬರ್ನಿನ ವಿಲಿಯಂ’ ಆಗಿದ್ದವನು ಅಲ್ಲಿಂದ ಮುಂದೆ ವಾಷಿಂಗ್ಟನ್ನಿನವನಾದ. ನೋಡಿ, ಹೊಲ ಬದಲಾಯಿತು, ಹೆಸರೂ ಬದಲಾಯಿತು! ಮನುಷ್ಯ ಮಾತ್ರ ಅವನೇ.

ಮುಂದೆ ಈ ವಂಶದ ಒಂದು ಕವಲು ದಕ್ಷಿಣಕ್ಕೆ ಸರಿಯಿತು. ಎಂಟನೇ ಹೆನ್ರಿ ರಾಜ ಕ್ರೈಸ್ತ ಮಠಗಳ ಆಸ್ತಿ ಜಪ್ತಿ ಮಾಡಿ ಮಾರಿಸಿದ ಕಾಲ ಅದು. ಉಣ್ಣೆ ವ್ಯಾಪಾರದ ಲಾರೆನ್ಸ್ ವಾಷಿಂಗ್ಟನ್ 1539ರಲ್ಲಿ ಸಲ್‌ಗ್ರೇವ್ ಎಂಬಲ್ಲಿ ಅಂಥ ಜಮೀನು ಕೊಂಡ. ನೂರು ವರ್ಷ ಕಳೆದ ಮೇಲೆ ಇಂಗ್ಲೆಂಡಿನಲ್ಲಿ ರಾಜನಿಗೂ ಪಾರ್ಲಿಮೆಂಟಿಗೂ ಯುದ್ಧ ಹತ್ತಿತು. ಇದೇ ವಂಶದ ಒಬ್ಬ ಪಾದ್ರಿ 1643ರಲ್ಲಿ ತನ್ನ ಇಗರ್ಜಿಯ ಹುದ್ದೆ ಕಳೆದುಕೊಂಡ, ಮನೆ ಬಡತನಕ್ಕೆ ಬಿತ್ತು. ಅವನ ಮಗ ಜಾನ್ 1656ರ ಸುಮಾರಿಗೆ ತಂಬಾಕು ವ್ಯಾಪಾರದ ಹಡಗು ಹತ್ತಿ ಅಮೆರಿಕದ ವರ್ಜೀನಿಯಾಕ್ಕೆ ಹೋದ. ಹಡಗು ಪೊಟೊಮ್ಯಾಕ್ ನದಿಯಲ್ಲಿ ನೆಲಕ್ಕೆ ಸಿಕ್ಕಿಬಿತ್ತು. ಜಾನ್ ಅಲ್ಲೇ ಮದುವೆಯಾಗಿ ನೆಲೆನಿಂತ.

ಈ ಜಾನನ ಮರಿಮೊಮ್ಮಗನೇ ಅಮೆರಿಕದ ಮೊದಲ ಅಧ್ಯಕ್ಷ ಜಾರ್ಜ್ ವಾಷಿಂಗ್ಟನ್. ಹುಟ್ಟಿದ್ದು 1732ರಲ್ಲಿ. ಹನ್ನೊಂದು ವರ್ಷಕ್ಕೆ ತಂದೆ ತೀರಿಕೊಂಡಾಗ ಹುಡುಗನ ಪಾಲಿಗೆ ಜಮೀನಿನ ಜೊತೆ ಹತ್ತು ಮಂದಿ ಗುಲಾಮರೂ ಬಂದರು. ದನಕರುಗಳ ಹಾಗೆ ಮನುಷ್ಯರನ್ನು ಪಾಲು ಹಚ್ಚುತ್ತಿದ್ದ ಕಾಲ. 1799ರಲ್ಲಿ ಸಾಯುವಾಗ ಅವನ ಸ್ವಂತದ ಗುಲಾಮರು 123 ಮಂದಿ. ತನ್ನ ಹೆಂಡತಿಯ ಕಾಲಾನಂತರ ಅವರನ್ನು ಬಿಡುಗಡೆ ಮಾಡಬೇಕೆಂದು ಮೃತ್ಯುಪತ್ರದಲ್ಲಿ ಬರೆದಿಟ್ಟಿದ್ದ. ಹೆಂಡತಿ ಮಾರ್ಥಾ ತನ್ನ ಜೀವಿತಕಾಲದಲ್ಲೇ, 1801ರ ಜನವರಿಯಲ್ಲಿ, ಅವರನ್ನು ಬಿಟ್ಟಳು. ಜಾರ್ಜನಿಗೆ ಸ್ವಂತ ಮಕ್ಕಳಿರಲಿಲ್ಲ.

ಹಾಗಾದರೆ ಈ ಹೆಸರನ್ನು ಮುಂದೆ ಹೊತ್ತವರು ಯಾರು? 1865ರಲ್ಲಿ ಅಮೆರಿಕದಲ್ಲಿ ಗುಲಾಮಗಿರಿ ಕಾನೂನಿನಿಂದ ರದ್ದಾಯಿತು. ಬಿಡುಗಡೆಯಾದವರಿಗೆ ಕೂಲಿ ಕರಾರಿಗೆ, ಮದುವೆ ನೋಂದಣಿಗೆ, ಶಾಲೆಗೆ ಅಡ್ಡಹೆಸರು ಬೇಕಾಯಿತು. ಕೆಲವರು ಹಳೆಯ ಧಣಿಯ ಹೆಸರು ಇಟ್ಟುಕೊಂಡರು. ಕೆಲವರ ಮನೆಯೊಳಗೆ ಧಣಿಗೆ ಗೊತ್ತಿಲ್ಲದ ಹಾಗೆ ಮೊದಲಿನಿಂದ ಒಂದು ಹೆಸರು ಇತ್ತು. ಇನ್ನು ಕೆಲವರು ತಾವೇ ಆರಿಸಿಕೊಂಡರು.

ಶಿಕ್ಷಕ ಮಿತ್ರರಿಗೆ ನಾನು ವಿಶೇಷವಾಗಿ ಹೇಳಬೇಕಾದದ್ದು ಇಲ್ಲಿದೆ. ಗುಲಾಮಳ ಹೊಟ್ಟೆಯಲ್ಲಿ ಹುಟ್ಟಿದ ಬುಕರ್ ಎಂಬ ಹುಡುಗ ಮೊದಲ ಸಲ ಶಾಲೆಗೆ ಹೋದ. ಹಾಜರಿ ಕರೆಯುವಾಗ ಎಲ್ಲ ಹುಡುಗರಿಗೂ ಎರಡೆರಡು ಹೆಸರು, ಇವನಿಗೆ ಒಂದೇ. ತಂದೆ ಯಾರೆಂಬುದೂ ಅವನಿಗೆ ಗೊತ್ತಿರಲಿಲ್ಲ. ಮಲತಂದೆಯ ಹೆಸರು ವಾಷಿಂಗ್ಟನ್ ಫರ್ಗುಸನ್. ತನ್ನ ಪಾಳಿ ಬಂದಾಗ ಹುಡುಗ ಅಂಜದೆ ‘ಬುಕರ್ ವಾಷಿಂಗ್ಟನ್’ ಅಂದ. ಆ ಹುಡುಗನೇ ಮುಂದೆ, 1881ರಲ್ಲಿ, ಟಸ್ಕೆಗೀ ಎಂಬಲ್ಲಿ ಕರಿಯರಿಗಾಗಿ ತೆರೆದ ಶಿಕ್ಷಕರ ಶಾಲೆಯ ಮುಖ್ಯಸ್ಥನಾದ ಬುಕರ್ ಟಿ. ವಾಷಿಂಗ್ಟನ್. ಹಾಜರಿ ಪುಸ್ತಕದ ಒಂದು ಸಾಲು ಎಂಥಾದ್ದು ನೋಡಿ!

2000ದ ಜನಗಣತಿಯಲ್ಲಿ ಅಮೆರಿಕದಲ್ಲಿ ಈ ಅಡ್ಡಹೆಸರಿನವರು ಸುಮಾರು 1 ಲಕ್ಷ 63 ಸಾವಿರ ಮಂದಿ ಇದ್ದರು. ಅವರಲ್ಲಿ ನೂರಕ್ಕೆ ತೊಂಬತ್ತು ಮಂದಿ ಕರಿಯರು. ಇಂಗ್ಲೆಂಡಿನ ಜಮೀನುದಾರನ ಹೆಸರನ್ನು ಇಂದು ಉಳಿಸಿಕೊಂಡವರು ಹೆಚ್ಚಾಗಿ ಗುಲಾಮಗಿರಿ ಉಂಡವರ ಮಕ್ಕಳು, ಮೊಮ್ಮಕ್ಕಳು.

ಇದನ್ನು ಓದಿದ ಮೇಲೆ ಅಡ್ಡಹೆಸರು ನೋಡಿ ಯಾರನ್ನೂ ಮೇಲು, ಕೀಳು ಅನ್ನುವುದು ಎಷ್ಟು ಪೊಳ್ಳು ಅಂತ ನನಗೆ ಅನಿಸುತ್ತದೆ. ಹೆಸರಿನ ಹಿಂದೆ ಒಂದು ಹೊಲ ಇರಬಹುದು, ಒಂದು ಯುದ್ಧ ಇರಬಹುದು, ಒಬ್ಬ ಹುಡುಗನ ಧೈರ್ಯ ಇರಬಹುದು. ನಿಮ್ಮ ಮನೆಯ ಹಿರಿಯರು ಇನ್ನೂ ಇದ್ದಾಗಲೇ ಕೇಳಿ, ನಮ್ಮ ಅಡ್ಡಹೆಸರು ಎಲ್ಲಿಂದ ಬಂತು ಅಂತ. ಕೇಳಿದ್ದನ್ನು ಒಂದು ಹಾಳೆಯಲ್ಲಿ ಬರೆದು ನಮ್ಮ ವಾಚನಾಲಯಕ್ಕೆ ಕೊಡಿ.